ಕೈಗೆ ತಕ್ಕ ಕಬ್ಬಿಣ

ಗಾಲ್ಫ್ ಬಗ್ಗೆ ಬರೆಯುತ್ತೇವೆ ಅಂದಾಗ ನಮ್ಮ ಗುಂಪಿನಲ್ಲೇ ಕೆಲವರು ನಕ್ಕರು. ಹಳ್ಳಿಯ ಓದುಗರಿಗೂ ಗಾಲ್ಫಿಗೂ ಏನು ಸಂಬಂಧ ಅಂದರು. ಸಂಬಂಧ ಇದೆ. ಬೆಂಗಳೂರಿನ ಹೊರವಲಯದ ಗಾಲ್ಫ್ ಮೈದಾನಗಳ ಬೇಲಿಯಾಚೆ ಇರುವುದು ಹಳ್ಳಿಗಳೇ. ಅಲ್ಲಿ ಹುಲ್ಲು ಕತ್ತರಿಸುವವರು, ನೀರು ಬಿಡುವವರು, ಚೆಂಡು ಹೆಕ್ಕುವವರು, ಆಡುವವರ ಬ್ಯಾಗು ಹೊರುವವರು ಹೆಚ್ಚಿನಂಶ ಆ ಊರುಗಳವರೇ. ಬ್ಯಾಗು ಹೊರುವವರಿಗೆ ಕ್ಯಾಡಿ ಅನ್ನುತ್ತಾರೆ. ಈ ಬರಹ ಬರೆಯುತ್ತಿರುವ ನಾವು ಮೂವರೂ ಡಿಗ್ರಿ ಓದುವಾಗ ರಜೆಯಲ್ಲಿ ಆ ಕೆಲಸ ಮಾಡಿದವರು.

ಹತ್ತು ಹದಿನೈದು ಕೆಜಿ ತೂಕದ ಬ್ಯಾಗು, ಹದಿನೆಂಟು ಗುಳಿ, ಆರೇಳು ಕಿಲೋಮೀಟರ್ ನಡಿಗೆ. ಹೊತ್ತವನಿಗೆ ಬ್ಯಾಗಿನೊಳಗೆ ಏನಿದೆ ಅನ್ನುವುದು ತಾನಾಗಿ ತಿಳಿಯುತ್ತದೆ. ಯಾರ ಬ್ಯಾಗಿನಲ್ಲಿ ಯಾವ ಕೋಲಿದೆ, ಅದು ಅವರ ಕೈಗೆ ಒಗ್ಗಿದೆಯೋ ಇಲ್ಲವೋ ಅನ್ನುವುದು ಕ್ಯಾಡಿಗೆ ಗೊತ್ತಾದಷ್ಟು ಆಡುವವರಿಗೇ ಗೊತ್ತಾಗುವುದಿಲ್ಲ. ಆಡುವವರ ಕಣ್ಣು ಚೆಂಡಿನ ಮೇಲಿರುತ್ತದೆ, ಕ್ಯಾಡಿಯ ಕಣ್ಣು ಆಡುವವರ ಮೇಲಿರುತ್ತದೆ.

ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ವಿವರಣೆ. ಒಬ್ಬ ಆಟಗಾರ ಒಂದು ಸುತ್ತಿನಲ್ಲಿ ಹೆಚ್ಚೆಂದರೆ 14 ಕೋಲು ಇಟ್ಟುಕೊಳ್ಳಬಹುದು, ಅದು ನಿಯಮ. ದೂರ ಹೊಡೆಯಲು ದಪ್ಪ ತಲೆಯ ಡ್ರೈವರ್ ಮತ್ತು ವುಡ್‌ಗಳು, ಗುಳಿಗೆ ತಳ್ಳಲು ಪಟರ್, ಮರಳಿನಿಂದ ಎತ್ತಲು ವೆಡ್ಜ್. ಇವುಗಳ ನಡುವೆ ಇರುವುದು ಐರನ್‌ಗಳು, ಅಂದರೆ ಕಬ್ಬಿಣದ ಕೋಲುಗಳು. ಅವುಗಳ ಮೇಲೆ 3, 4, 5 ಹೀಗೆ 9ರವರೆಗೆ ನಂಬರ್ ಇರುತ್ತದೆ. ನಂಬರ್ ಚಿಕ್ಕದಾದರೆ ಕೋಲು ಉದ್ದ, ಮುಖ ನೆಟ್ಟಗೆ, ಚೆಂಡು ತಗ್ಗಿನಲ್ಲಿ ದೂರ ಹೋಗುತ್ತದೆ. ನಂಬರ್ ದೊಡ್ಡದಾದರೆ ಕೋಲು ಗಿಡ್ಡ, ಮುಖ ಹಿಂದಕ್ಕೆ ವಾಲಿರುತ್ತದೆ, ಚೆಂಡು ಎತ್ತರಕ್ಕೆ ಹೋಗಿ ಬಿದ್ದಲ್ಲೇ ನಿಲ್ಲುತ್ತದೆ. ಒಂದು ನಂಬರಿನಿಂದ ಇನ್ನೊಂದಕ್ಕೆ ಸುಮಾರು ಅರ್ಧ ಇಂಚು ಉದ್ದ, ಮೂರು ನಾಲ್ಕು ಡಿಗ್ರಿ ವಾಲುವಿಕೆ ವ್ಯತ್ಯಾಸ. ಆ ವಾಲುವಿಕೆಗೆ ಲಾಫ್ಟ್ ಅನ್ನುತ್ತಾರೆ.

ನಮ್ಮಲ್ಲಿ ಕಮ್ಮಾರರ ಕುಲುಮೆಗೆ ಹೋಗಿ ಕುಡುಗೋಲು ಮಾಡಿಸುವಾಗ ಯಾರೂ ಊರಿಗೆಲ್ಲ ಒಂದೇ ಅಳತೆ ಅನ್ನುವುದಿಲ್ಲ. ಅಜ್ಜಿಯ ಕುಡುಗೋಲು ಹಗುರ, ಅಪ್ಪನದ್ದು ಭಾರ. ಗುದ್ದಲಿಗೆ ಕಾವು ಹಾಕಿಸುವಾಗ ಹಿಡಿಯುವವನ ಎತ್ತರ ನೋಡುತ್ತಾರೆ. ಉದ್ದ ಕಾವಿನ ಗುದ್ದಲಿಯನ್ನು ಗಿಡ್ಡ ಆಳಿಗೆ ಕೊಟ್ಟರೆ ಸಂಜೆಗೆ ಸೊಂಟ ಹಿಡಿಯುತ್ತದೆ. ಇಷ್ಟು ತಿಳಿವಳಿಕೆ ಇರುವ ನಾವೇ ಗಾಲ್ಫ್ ಕೋಲಿನ ವಿಷಯ ಬಂದಾಗ ಹೊಳಪಿಗೆ, ಹೆಸರಿಗೆ ಮರುಳಾಗುವುದನ್ನು ನೋಡಿದ್ದೇವೆ.

ಐರನ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಬ್ಲೇಡ್. ಹಿಂಬದಿ ತುಂಬಿದ, ತೆಳುವಾದ, ಚಿಕ್ಕ ತಲೆಯ ಕೋಲು. ನೋಡಲು ಬಹಳ ಚೆಂದ. ಚೆಂಡು ಸರಿಯಾಗಿ ನಡುವಿಗೆ ಸಿಕ್ಕರೆ ಕೈಗೆ ಬೆಣ್ಣೆ ಸವರಿದ ಹಾಗೆ ಅನ್ನಿಸುತ್ತದೆ. ಅರ್ಧ ಇಂಚು ಆಚೀಚೆ ಆದರೆ ತಲೆ ತಿರುಗಿಕೊಳ್ಳುತ್ತದೆ, ಕೈ ಜುಮ್ಮೆನ್ನುತ್ತದೆ, ಚೆಂಡು ಹೋಗಬೇಕಾದ ದೂರ ಹೋಗುವುದಿಲ್ಲ. ಇನ್ನೊಂದು ಕ್ಯಾವಿಟಿ ಬ್ಯಾಕ್. ಹಿಂಬದಿಯಲ್ಲಿ ತಟ್ಟೆಯಂತೆ ಗುಳಿ ಮಾಡಿ, ಆ ತೂಕವನ್ನು ಅಂಚಿಗೆ ಹಾಗೂ ತಳಕ್ಕೆ ಸರಿಸಿರುತ್ತಾರೆ. ತಲೆ ದೊಡ್ಡದು, ತಳ ಅಗಲ. ನಡುವಿಗೆ ಸಿಗದಿದ್ದರೂ ಚೆಂಡು ಸುಮಾರಾಗಿ ಹೇಳಿದ ಕಡೆಗೇ ಹೋಗುತ್ತದೆ.

ಅಂಚಿಗೆ ತೂಕ ಹಾಕಿದರೆ ಯಾಕೆ ತಿರುಗುವುದಿಲ್ಲ? ಹೆಗಲ ಮೇಲೆ ಅಡ್ಡೆ ಹೊತ್ತವರನ್ನು ನೆನೆಸಿಕೊಳ್ಳಿ. ಎರಡು ತುದಿಗೆ ಎರಡು ಬಿಂದಿಗೆ ತೂಗಿದಾಗ ಅವರನ್ನು ಥಟ್ಟನೆ ಪಕ್ಕಕ್ಕೆ ತಿರುಗಿಸುವುದು ಕಷ್ಟ. ಅದೇ ಎರಡು ಬಿಂದಿಗೆಯನ್ನು ಎದೆಗೆ ಅವಚಿಕೊಂಡರೆ ಸುಲಭವಾಗಿ ತಿರುಗಬಹುದು. ತೂಕ ಅಷ್ಟೇ, ಇಟ್ಟ ಜಾಗ ಬೇರೆ. ಐರನ್ ತಲೆಯಲ್ಲೂ ಇದೇ ಲೆಕ್ಕ.

ಈ ಲೆಕ್ಕವನ್ನು ಮಾರುಕಟ್ಟೆಗೆ ತಂದವರಲ್ಲಿ ಮುಖ್ಯರು ಕಾರ್ಸ್ಟನ್ ಸೋಲ್ಹೈಮ್. 1911ರಲ್ಲಿ ನಾರ್ವೆಯ ಬರ್ಗೆನ್‌ನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಹೋದವರು. ತಂದೆ ಶೂ ಹೊಲಿಯುವವರು, ಮಗನೂ ಮೊದಲು ಅದೇ ಕೆಲಸ ಮಾಡಿದರು. ಆಮೇಲೆ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್ ಆದರು. ನಲವತ್ತು ದಾಟಿದ ಮೇಲೆ ಗಾಲ್ಫ್ ಹಿಡಿದರು. ಆಟ ಚೆನ್ನಾಗಿ ಬರಲಿಲ್ಲ ಅಂತ ಕೋಲನ್ನೇ ಬದಲಾಯಿಸಲು ಕೂತರು. 1959ರಲ್ಲಿ ಮನೆಯ ಗ್ಯಾರೇಜಿನಲ್ಲಿ ಮಾಡಿದ ಪಟರ್ ಚೆಂಡಿಗೆ ತಾಗಿದಾಗ ಬಂದ ಸದ್ದೇ ಕಂಪನಿಯ ಹೆಸರಾಯಿತು: ಪಿಂಗ್. ಮುಂದೆ ಐರನ್‌ಗಳಿಗೂ ಅದೇ ಉಪಾಯ ಹಾಕಿದರು. 1982ರಲ್ಲಿ ಬಂದ ಪಿಂಗ್ ಐ 2 ಸೆಟ್ಟು ಬಹಳ ಹೆಸರು ಮಾಡಿತು. ಅವು ಎರಕ ಹೊಯ್ದ ಕೋಲುಗಳು. ಕುಲುಮೆಯಲ್ಲಿ ಬಡಿದು ಮಾಡಿದ ಬ್ಲೇಡ್ ಹಿಡಿದವರು ಮೊದಮೊದಲು ಇವುಗಳ ಆಕಾರ ನೋಡಿ ಮೂಗು ಮುರಿದರು. ಇವತ್ತು ಹೊಸಬರಿಗೆ ಅಂತ ಯಾವ ಕಂಪನಿ ಮಾಡಿದರೂ ಆ ಉಪಾಯದ ಮೇಲೆಯೇ ಮಾಡುತ್ತದೆ.

ಇಷ್ಟೆಲ್ಲ ನಮಗೆ ಬೇಕಾದದ್ದು ಒಬ್ಬ ಹುಡುಗನಿಂದ.

ನಮ್ಮಲ್ಲೊಬ್ಬರ ಚಿಕ್ಕಪ್ಪನ ಮಗ. ಪಿಯುಸಿ ಮುಗಿಸಿ ಪೂರ್ತಿ ಸಮಯ ಕ್ಯಾಡಿ ಕೆಲಸಕ್ಕೆ ನಿಂತವನು. ಆ ಮೈದಾನದಲ್ಲಿ ಸೋಮವಾರ ಸದಸ್ಯರಿಗೆ ಆಟ ಇಲ್ಲ, ಕ್ಯಾಡಿಗಳಿಗೆ ಆಡಲು ಬಿಡುತ್ತಾರೆ. ಅವನು ಹಿಡಿದಿದ್ದು ಒಬ್ಬ ಸದಸ್ಯರು ಹೊಸ ಸೆಟ್ ತಗೊಂಡಾಗ ಪ್ರೀತಿಯಿಂದ ಕೊಟ್ಟ ಹಳೆಯ ಬ್ಲೇಡ್ ಸೆಟ್ಟು. ಕೊಟ್ಟವರು ಆರಡಿ ಎತ್ತರದ ಗಟ್ಟಿ ಆಳು, ಅವರ ಕೋಲಿನ ಶಾಫ್ಟು ಭಾರದ ಸ್ಟೀಲು, ಬಾಗದ ಬಗೆಯದು. ಹುಡುಗ ಐದಡಿ ನಾಲ್ಕಿಂಚು, ತೆಳ್ಳಗೆ. ಕೊಟ್ಟವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಕೊಟ್ಟ ವಸ್ತು ಇವನ ಮೈಗೆ ಆಗುವಂಥದ್ದಾಗಿರಲಿಲ್ಲ, ಅಷ್ಟೇ.

ಎರಡು ವರ್ಷ ಹೊಡೆದ. 90ರ ಕೆಳಗೆ ಬರಲೇ ಇಲ್ಲ. ಆ ಮೈದಾನ 72ರದ್ದು, ಅಂದರೆ ಚೆನ್ನಾಗಿ ಆಡುವವರು 72 ಹೊಡೆತದಲ್ಲಿ ಸುತ್ತು ಮುಗಿಸಬೇಕು ಅನ್ನುವ ಲೆಕ್ಕ. ಇವನಿಗೆ ಇಪ್ಪತ್ತು ಹೆಚ್ಚು. ಒಂದು ದಿನ ನಮ್ಮ ಹತ್ತಿರ ಬಂದು, "ಅಣ್ಣ, ನನ್ ಕೈಲಿ ಆಗಲ್ಲ ಕಣಣ್ಣ. ಈ ಆಟ ನಮ್ಮಂಥೋರಿಗಲ್ಲ, ಬುಟ್‌ಬುಡ್ತೀನಿ" ಅಂದ. ಆ ಮಾತು ನಮಗೆ ನಾಟಿತು. ಅವನ ಸ್ವಿಂಗ್ ನೋಡಿದ ನಮಗೆ ಅವನು ಕೈಲಾಗದವನು ಅನ್ನಿಸಿರಲಿಲ್ಲ.

ಮುಂದಿನ ಸೋಮವಾರ ಒಂದು ಪರೀಕ್ಷೆ ಮಾಡಿದೆವು. ಹಳೆಯ ಕ್ಯಾಡಿಗಳಿಗೆ ಗೊತ್ತಿರುವ ಉಪಾಯ. ಕೋಲಿನ ಮುಖಕ್ಕೆ ತೆಳ್ಳಗೆ ಪೌಡರ್ ಸವರಿ ಚೆಂಡು ಹೊಡೆದರೆ, ಚೆಂಡು ತಾಗಿದ ಜಾಗದಲ್ಲಿ ದುಂಡಗೆ ಗುರುತು ಉಳಿಯುತ್ತದೆ. ಅವನ 7 ಐರನ್‌ಗೆ ಪೌಡರ್ ಹಾಕಿ ಇಪ್ಪತ್ತು ಚೆಂಡು ಹೊಡೆಸಿದೆವು. ಪ್ರತಿ ಸಲ ಗುರುತು ನೋಡಿ ಕಾಗದದಲ್ಲಿ ಚುಕ್ಕೆ ಇಟ್ಟು, ಒರೆಸಿ, ಮತ್ತೆ ಸವರಿದೆವು. ಇಪ್ಪತ್ತರಲ್ಲಿ ನಡುವಿಗೆ ಸಿಕ್ಕಿದ್ದು ಐದು. ಉಳಿದವು ತುದಿ ಕಡೆಗೆ, ತಳದ ಕಡೆಗೆ, ಚೆಲ್ಲಿದ ರಾಗಿಯ ಹಾಗೆ ಹರಡಿದ್ದವು.

ಆಮೇಲೆ ಅಲ್ಲಿ ಕಲಿಸುವವರ ಬಳಿ ಒಂದು ಕ್ಯಾವಿಟಿ ಬ್ಯಾಕ್ 7 ಐರನ್ ಕೇಳಿ ತಂದೆವು. ಹಗುರ ಶಾಫ್ಟು. ಮತ್ತೆ ಇಪ್ಪತ್ತು ಚೆಂಡು. ನಡುವಿಗೆ ಸಿಕ್ಕಿದ್ದು ಏಳು. ಹೊಡೆಯುವವನು ಅದೇ ಹುಡುಗ ತಾನೇ, ಒಂದೇ ದಿನಕ್ಕೆ ಕೈ ಬದಲಾಗುವುದಿಲ್ಲ. ಬದಲಾದದ್ದು ಚೆಂಡು ಬಿದ್ದ ಜಾಗ. ಬ್ಲೇಡ್‌ನಲ್ಲಿ ತಪ್ಪಿದ ಚೆಂಡುಗಳು ಎಡಕ್ಕೆ ಬಲಕ್ಕೆ ಚೆದುರಿ, ಕೆಲವು ಇಪ್ಪತ್ತು ಇಪ್ಪತ್ತೈದು ಗಜ ಮೊದಲೇ ಬಿದ್ದಿದ್ದವು. ಈ ಕೋಲಿನಲ್ಲಿ ತಪ್ಪಿದವೂ ಹತ್ತಿರ ಹತ್ತಿರವೇ ಗುಂಪಾಗಿ ಬಿದ್ದಿದ್ದವು. ಅವನು ಆ ಗುಂಪನ್ನೇ ಸ್ವಲ್ಪ ಹೊತ್ತು ನೋಡಿದ. ಏನೂ ಮಾತಾಡಲಿಲ್ಲ.

ಆದರೆ ಅವನ ಮನಸ್ಸು ಒಪ್ಪಲಿಲ್ಲ. ಅದಕ್ಕೆ ಎರಡು ಕಾರಣ.

ಮೊದಲನೆಯದು ಮಾನ. ಕ್ಯಾಡಿಗಳ ನಡುವೆ ಅಗಲ ತಳದ ಕೋಲಿಗೆ "ಅಂಕಲ್ ಸೆಟ್ಟು" ಅಂತ ಅಡ್ಡ ಹೆಸರು. ಬ್ಲೇಡ್ ಹಿಡಿದರೆ ಟಿವಿಯಲ್ಲಿ ಬರುವ ಆಟಗಾರನ ಹಾಗೆ, ಅಂಕಲ್ ಸೆಟ್ಟು ಹಿಡಿದರೆ ಭಾನುವಾರ ಬೊಜ್ಜು ಕರಗಿಸಲು ಬರುವವರ ಹಾಗೆ. ಹತ್ತೊಂಬತ್ತರ ಹುಡುಗನಿಗೆ ಇದು ಸಣ್ಣ ವಿಷಯ ಅಲ್ಲ.

ಎರಡನೆಯದು ಒಬ್ಬ ಹಿರಿಯ ಕ್ಯಾಡಿಯ ಮಾತು. ಮೂವತ್ತು ವರ್ಷ ಬ್ಯಾಗು ಹೊತ್ತವರು. "ಕಷ್ಟದ ಕೋಲಲ್ಲೇ ಕಲೀಬೇಕು ಮಗ. ತಪ್ಪು ಹೊಡೆದ್ರೆ ಅದು ಕೈಗೆ ಹೇಳತ್ತೆ. ಸುಲಭದ ಕೋಲು ತಪ್ಪನ್ನ ಮುಚ್ಚಾಕತ್ತೆ" ಅನ್ನುತ್ತಿದ್ದರು. ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಬ್ಲೇಡ್ ತಪ್ಪನ್ನು ನೇರವಾಗಿ ತೋರಿಸುತ್ತದೆ ಅನ್ನುವುದು ನಿಜ. ಹಾಗೆ ಕಲಿತು ದೊಡ್ಡವರಾದವರು ಹಿಂದಿನ ಕಾಲದಲ್ಲಿ ಬಹಳ ಜನ ಇದ್ದಾರೆ. ಅವರಿಗೆ ಬೇರೆ ಕೋಲು ಇರಲೂ ಇಲ್ಲ.

ನಾವು ಹೇಳಿದ್ದು ಇಷ್ಟು: ತಪ್ಪು ಕಂಡರೆ ಸಾಲದು, ತಿದ್ದಲು ಸಮಯ ಬೇಕು. ದಿನಾ ಮುನ್ನೂರು ಚೆಂಡು ಹೊಡೆಯಲು ಆಗುವವನಿಗೆ, ಪಕ್ಕದಲ್ಲಿ ಕಲಿಸುವವರು ನಿಂತಿರುವವನಿಗೆ ಬ್ಲೇಡ್ ಒಳ್ಳೆಯ ಮೇಷ್ಟ್ರು. ವಾರಕ್ಕೊಂದು ಸೋಮವಾರ ಮಾತ್ರ ಸಿಗುವವನಿಗೆ ಅದು ಬರೀ ಬೈಯುವ ಮೇಷ್ಟ್ರು. ಬೈಸಿಕೊಂಡು ಬೈಸಿಕೊಂಡು ಹುಡುಗ ಶಾಲೆಯನ್ನೇ ಬಿಡಲು ಹೊರಟಿದ್ದ.

ಇನ್ನು ದುಡ್ಡಿನ ಮಾತು. ಅವನು ಟಿಪ್ಸ್ ಉಳಿಸಿ ಇಪ್ಪತ್ತೆಂಟು ಸಾವಿರ ಕೂಡಿಟ್ಟಿದ್ದ. ಹೆಸರಾದ ಕಂಪನಿಯ ಹೊಸ ಐರನ್ ಸೆಟ್ಟು ಅರ್ಧ ಲಕ್ಷ ಸುಲಭವಾಗಿ ದಾಟುತ್ತದೆ. ಅವನು ಅಂಗಡಿಯಲ್ಲಿ ನೋಡಿ ಬಂದಿದ್ದ ಹೊಸ ಬ್ಲೇಡ್ ಸೆಟ್ಟು ಲಕ್ಷದ ಮೇಲೆ. ಉಳಿದದ್ದಕ್ಕೆ ಅವ್ವನ ಸಂಘದಿಂದ ಸಾಲ ಎತ್ತಿಸುವ ಯೋಚನೆ ಇತ್ತು. ಅವ್ವನಿಗೆ ಗಾಲ್ಫ್ ಅಂದರೆ ಏನೆಂದು ಗೊತ್ತಿಲ್ಲ, ಮಗ ಕೇಳಿದರೆ ಎತ್ತಿಕೊಡುವವರು. ವಾರ ವಾರ ಕಂತು ಕಟ್ಟುವವರೂ ಅವರೇ. ಒಂದು ಕಬ್ಬಿಣದ ಸೆಟ್ಟು ಒಂದು ಮನೆಯ ಎರಡು ವರ್ಷದ ನಿದ್ದೆ ಕೆಡಿಸಬಹುದಿತ್ತು.

ಅದಕ್ಕೇ ನಾವು ಕೂತು ಅವನಿಗೆ ಬೇಕಾದದ್ದು ಏನು ಅಂತ ಒಂದೊಂದಾಗಿ ನೋಡಿದೆವು. ಅಲ್ಲಿ ಕಲಿಸುವವರನ್ನೂ ಕೇಳಿದೆವು. ಆಗ ತಿಳಿದದ್ದನ್ನು ಇಲ್ಲಿ ಹೇಳುತ್ತೇವೆ.

ತಳದ ಅಗಲ ಮೊದಲು. ಹೊಸಬರು ಚೆಂಡಿಗಿಂತ ಮೊದಲು ನೆಲಕ್ಕೆ ಹೊಡೆಯುವುದು ಹೆಚ್ಚು. ತೆಳು ತಳದ ಕೋಲು ಗುದ್ದಲಿಯಂತೆ ಮಣ್ಣಿಗೆ ಇಳಿಯುತ್ತದೆ. ಅಗಲ ತಳದ್ದು ಜಾರಿಕೊಂಡು ಚೆಂಡಿನವರೆಗೆ ಹೋಗುತ್ತದೆ. ಮಳೆಗಾಲದಲ್ಲಿ ನೆಲ ಮೆತ್ತಗಿರುವಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಎರಡನೆಯದು ಆಫ್‌ಸೆಟ್. ಕೋಲಿನ ಮುಖ ಶಾಫ್ಟಿನ ಗೆರೆಗಿಂತ ಸ್ವಲ್ಪ ಹಿಂದಕ್ಕೆ ಇರುವುದು. ಬಲಗೈ ಆಟಗಾರರ ಚೆಂಡು ಬಲಕ್ಕೆ ಬಾಗಿ ಹೋಗುತ್ತಿದ್ದರೆ ಇದು ಸಹಾಯ ಮಾಡುತ್ತದೆ, ಮುಖ ನೇರ ಆಗಲು ಒಂದು ಕ್ಷಣ ಹೆಚ್ಚು ಸಿಗುತ್ತದೆ. ಚೆಂಡು ಈಗಾಗಲೇ ಎಡಕ್ಕೆ ಹೋಗುವವರಿಗೆ ಇದು ಬೇಡ.

ಮೂರನೆಯದು ನಂಬರಿನ ಮೋಸ. ಹಿಂದೆ 7 ಐರನ್‌ನ ಲಾಫ್ಟ್ 34, 35 ಡಿಗ್ರಿ ಇರುತ್ತಿತ್ತು. ಈಗಿನ ಕೆಲವು ಸೆಟ್‌ಗಳಲ್ಲಿ 28ರಿಂದ 30. ಅಂದರೆ 7 ಅಂತ ಬರೆದಿದ್ದರೂ ಅದು ಹಳೆಯ 5 ಅಥವಾ 6. "ನಮ್ಮ 7ರಲ್ಲಿ ಹದಿನೈದು ಗಜ ಹೆಚ್ಚು ಹೋಗತ್ತೆ" ಅಂತ ಅಂಗಡಿಯವರು ಹೇಳಿದರೆ ಮೊದಲು ಲಾಫ್ಟ್ ಕೇಳಿ. ಸುಳ್ಳು ಅಂತ ಅಲ್ಲ, ತಲೆಯ ತೂಕ ಕೆಳಗಿರುವುದರಿಂದ ಕಡಿಮೆ ಲಾಫ್ಟಿನಲ್ಲೂ ಚೆಂಡು ಮೇಲೇಳುತ್ತದೆ. ಆದರೆ ಕೊನೆಯ ಪಿಚಿಂಗ್ ವೆಡ್ಜ್ 43, 44 ಡಿಗ್ರಿಗೆ ಇಳಿದಾಗ ಅದಕ್ಕೂ 56ರ ಸ್ಯಾಂಡ್ ವೆಡ್ಜಿಗೂ ನಡುವೆ ದೊಡ್ಡ ಕಂದಕ ಆಗುತ್ತದೆ. ಅದನ್ನು ತುಂಬಲು 50 ಡಿಗ್ರಿಯ ಇನ್ನೊಂದು ಕೋಲು ಕೊಳ್ಳಬೇಕು. ಆ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ತಗೊಳ್ಳಿ.

ನಾಲ್ಕನೆಯದು ಶಾಫ್ಟು. ತಲೆಗಿಂತ ಇದನ್ನೇ ಜನ ಮರೆಯುವುದು. ನಿಧಾನ ಬೀಸುವವರಿಗೆ ಹಗುರ, ಬಾಗುವ ಶಾಫ್ಟು. ಜೋರಾಗಿ ಬೀಸುವವರಿಗೆ ಭಾರ, ಬಿಗಿ ಶಾಫ್ಟು. ಅದರ ಮೇಲೆ ರೆಗ್ಯುಲರ್‌ಗೆ ಆರ್, ಬಿಗಿಯದಕ್ಕೆ ಎಸ್ ಅಂತ ಅಕ್ಷರ ಇರುತ್ತದೆ. ಸ್ಟೀಲು ಶಾಫ್ಟು ಸಾಮಾನ್ಯವಾಗಿ ಭಾರ, ಗ್ರಾಫೈಟ್ ಹಗುರ. ವಯಸ್ಸಾದವರಿಗೆ, ಕೈ ಕೀಲು ನೋಯುವವರಿಗೆ ಗ್ರಾಫೈಟ್ ಹಿತ. ಅದರ ಬೆಲೆ ಮಾತ್ರ ಸ್ವಲ್ಪ ಹೆಚ್ಚು.

ಐದನೆಯದು ಕೋಲು ನಿಲ್ಲುವ ಓರೆ, ಲೈ ಅನ್ನುತ್ತಾರೆ. ತಳಕ್ಕೆ ಟೇಪ್ ಅಂಟಿಸಿ ಹಲಗೆಯ ಮೇಲಿಟ್ಟ ಚೆಂಡು ಹೊಡೆದು ನೋಡಿ. ಉಜ್ಜಿದ ಗುರುತು ನಡುವಿಗೆ ಬಂದರೆ ಸರಿ. ಹಿಮ್ಮಡಿ ಕಡೆಗೆ, ಅಂದರೆ ಶಾಫ್ಟಿನ ಕಡೆಗೆ ಬಂದರೆ ಕೋಲು ನಿಮಗೆ ಹೆಚ್ಚು ನೆಟ್ಟಗಿದೆ, ಚೆಂಡು ಎಡಕ್ಕೆ ಎಳೆಯುತ್ತದೆ. ತುದಿ ಕಡೆಗೆ ಬಂದರೆ ಹೆಚ್ಚು ಮಲಗಿದೆ, ಬಲಕ್ಕೆ ಹೋಗುತ್ತದೆ. ಎಷ್ಟೋ ಕೋಲುಗಳನ್ನು ಒಂದೆರಡು ಡಿಗ್ರಿ ಬಗ್ಗಿಸಿಕೊಡುತ್ತಾರೆ. ಹೊಸದು ಕೊಳ್ಳಬೇಕಿಲ್ಲ.

ಆರನೆಯದು ಉದ್ದದ ಐರನ್‌ಗಳು. 3 ಮತ್ತು 4 ನಂಬರ್ ಹೊಡೆಯುವುದು ಚೆನ್ನಾಗಿ ಆಡುವವರಿಗೂ ಕಷ್ಟ. ಅದಕ್ಕೇ ವುಡ್ಡಿನ ದಪ್ಪ ತಲೆ, ಐರನ್‌ನ ಉದ್ದ ಸೇರಿಸಿ ಮಾಡಿದ ಹೈಬ್ರಿಡ್ ಬಂತು. ಹೊಸಬರು 5 ಅಥವಾ 6ರಿಂದ ಐರನ್ ಶುರು ಮಾಡಿ, ಅದರ ಮೇಲೆ ಒಂದು ಹೈಬ್ರಿಡ್ ಇಟ್ಟುಕೊಂಡರೆ ಸಾಕು. 14 ಅನ್ನುವುದು ಗರಿಷ್ಠ, ಅಷ್ಟೂ ಇರಲೇಬೇಕು ಅಂತ ಇಲ್ಲ.

ಇದು ಕೈಲಾಗದವರ ದಾರಿ ಅಂತ ಯಾರಾದರೂ ಅಂದರೆ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನಪಿಸಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್‌ನಲ್ಲಿ, ಒಂದೇ ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ ಪಡೆದವರು. ಅವರ ಬ್ಯಾಗು ಹೊತ್ತವರು ಅವರ ತಾಯಿ. ದೂರ ಹೊಡೆಯುವವರ ಪಟ್ಟಿಯಲ್ಲಿ ಅದಿತಿ ಕೆಳಗಿದ್ದರು. ಬೇರೆಯವರು ಗಿಡ್ಡ ಐರನ್ ಹಿಡಿಯುವ ಕಡೆ ಅವರು ಹೈಬ್ರಿಡ್, ವುಡ್ ಹಿಡಿದು ಗ್ರೀನ್ ಮುಟ್ಟಿಸಿ, ಪಟರಿನಲ್ಲಿ ಲೆಕ್ಕ ಸರಿಮಾಡಿದರು. ತನ್ನ ಕೈಗೆ ಏನು ಬರುತ್ತದೋ ಅದನ್ನೇ ಬ್ಯಾಗಿಗೆ ಹಾಕಿಕೊಂಡವರು.

ಇನ್ನೊಂದು ಹೆಸರು ಎಸ್. ಚಿಕ್ಕರಂಗಪ್ಪ. ಬಿಡದಿ ಕಡೆಯ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯ ಹುಡುಗ, ಅಲ್ಲೇ ಆಟ ಕಲಿತು ವೃತ್ತಿಪರ ಆಟಗಾರರಾದರು. ಕ್ಯಾಡಿ ಹುಡುಗರು ಈ ಹೆಸರು ಹೇಳುವಾಗ ದನಿ ಬದಲಾಗುತ್ತದೆ. ಬೇಲಿ ದಾಟಬಹುದು ಅನ್ನುವುದಕ್ಕೆ ಅವರೇ ಸಾಕ್ಷಿ. ಹಾಗಂತ ಎಲ್ಲರೂ ದಾಟುತ್ತಾರೆ ಅಂತ ನಾವು ಆಸೆ ಹುಟ್ಟಿಸುವುದಿಲ್ಲ. ಆದರೆ ಹೊಂದದ ಕೋಲು ಹಿಡಿದು, ತನ್ನ ಕೈಯೇ ಕೆಟ್ಟದ್ದು ಅಂದುಕೊಂಡು ವಾಪಸ್ ಬರುವವನನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಹುಡುಗ ಕೊನೆಗೆ ಸಂಘದ ಸಾಲ ಎತ್ತಿಸಲಿಲ್ಲ. ಇಪ್ಪತ್ತೆರಡು ಸಾವಿರಕ್ಕೆ ಒಬ್ಬರು ಆಡಿ ಬಿಟ್ಟ ಕ್ಯಾವಿಟಿ ಬ್ಯಾಕ್ ಸೆಟ್ಟು ಸಿಕ್ಕಿತು, 5ರಿಂದ ಪಿಚಿಂಗ್ ವೆಡ್ಜ್‌ವರೆಗೆ ಆರು ಕೋಲು, ಜೊತೆಗೆ ಒಂದು ಹಳೆಯ ಹೈಬ್ರಿಡ್. ಕೊಳ್ಳುವ ಮೊದಲು ಮುಖದ ಗೆರೆಗಳು ಸವೆದಿವೆಯೇ, ಶಾಫ್ಟಿಗೆ ತುಕ್ಕು ಹಿಡಿದಿದೆಯೇ, ತಲೆ ಅಲ್ಲಾಡುತ್ತದೆಯೇ, ಆರೂ ಒಂದೇ ಸೆಟ್ಟಿನವೇ ಅಂತ ನೋಡಿದೆವು. ರಬ್ಬರ್ ಗ್ರಿಪ್ ಗಟ್ಟಿಯಾಗಿ ಜಾರುತ್ತಿತ್ತು, ಅದನ್ನು ಬದಲಾಯಿಸಿಕೊಂಡ. ಮಿಕ್ಕ ದುಡ್ಡಲ್ಲಿ ಅವ್ವನಿಗೆ ಕನ್ನಡಕ ಮಾಡಿಸಿದ.

ಪವಾಡ ಏನೂ ಆಗಲಿಲ್ಲ. ಮೊದಲ ತಿಂಗಳು ಮತ್ತೆ 93, 94. ಗೆಳೆಯರು "ಅಂಕಲ್" ಅಂತ ರೇಗಿಸಿದರು. ನಾಲ್ಕನೇ ತಿಂಗಳು 88 ಬಂತು, ಮಳೆಗಾಲ ಕಳೆಯುವ ಹೊತ್ತಿಗೆ 85. ರೇಗಿಸಿದವರಲ್ಲಿ ಇಬ್ಬರು ಒಂದು ಸೋಮವಾರ ಬೆಳಿಗ್ಗೆ ಪೌಡರ್ ಡಬ್ಬಿ ಹಿಡಿದುಕೊಂಡು ಬಂದರು. ಆ ಹಿರಿಯ ಕ್ಯಾಡಿ ಮಾತ್ರ ಇನ್ನೂ ಒಪ್ಪಿಲ್ಲ. "80ರ ಕೆಳಗೆ ಬಂದ ಮೇಲೆ ನನ್ ಹತ್ರ ಬಾ, ಬ್ಲೇಡ್ ಕೊಡ್ತೀನಿ" ಅಂದಿದ್ದಾರೆ. ಅದೂ ಸರಿಯಾದ ಮಾತೇ. ಕೈ ಬದಲಾದಾಗ ಕೋಲೂ ಬದಲಾಗಬೇಕು. ದೊಡ್ಡ ಆಟಗಾರರಲ್ಲೂ ಉದ್ದದ ಐರನ್‌ಗಳನ್ನು ಸುಲಭದ ಬಗೆಯಲ್ಲಿ, ಗಿಡ್ಡವನ್ನು ಬ್ಲೇಡ್ ಬಗೆಯಲ್ಲಿ ಬೆರೆಸಿ ಇಟ್ಟುಕೊಂಡವರು ಎಷ್ಟೋ ಜನ ಇದ್ದಾರೆ.

ಹಾಗಾಗಿ ಮೋಟಾಗಿ ಹೇಳುವುದಾದರೆ: 90ರ ಮೇಲೆ ಹೊಡೆಯುವವರು ಅಗಲ ತಳ, ದೊಡ್ಡ ತಲೆ ನೋಡಿ. 80ರಿಂದ 90ರ ನಡುವೆ ಇರುವವರಿಗೆ ಸ್ವಲ್ಪ ಚಿಕ್ಕ ತಲೆಯ ಕ್ಯಾವಿಟಿ ಬ್ಯಾಕ್ ಸಾಕು. ಅದಕ್ಕಿಂತ ಚೆನ್ನಾಗಿ ಆಡುವವರು ತಮ್ಮ ಗುರುತು ಎಲ್ಲಿ ಬೀಳುತ್ತದೆ ನೋಡಿಕೊಂಡು ತೆಳ್ಳನೆಯದಕ್ಕೆ ಹೋಗಲಿ. ಯಾವುದೇ ಆಗಲಿ, ದುಡ್ಡು ಕೊಡುವ ಮೊದಲು ಇಪ್ಪತ್ತು ಚೆಂಡು ಹೊಡೆದು ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. ಪೌಡರ್ ಡಬ್ಬಿಯನ್ನು ಮನೆಯಿಂದಲೇ ತಗೊಂಡು ಹೋಗಿ. ಹೊಡೆದ ಮೇಲೆ ಚೆನ್ನಾಗಿ ಬಿದ್ದ ಒಂದು ಚೆಂಡನ್ನು ನೋಡಿ ಮನಸ್ಸು ಕೊಡಬೇಡಿ, ಕೆಟ್ಟದಾಗಿ ಬಿದ್ದ ಐದು ಚೆಂಡು ಎಲ್ಲಿವೆ ಅಂತ ನೋಡಿ. ಕೋಲಿನ ಗುಣ ಅಲ್ಲಿ ಕಾಣುತ್ತದೆ.